ಹೊಟ್ಟೆಯನ್ನೇ ಮುಟ್ಟದ ತೇಗು

ಕಳೆದ ಸಂಚಿಕೆಯಲ್ಲಿ ಎದೆಯುರಿಯ ಬಗ್ಗೆ ಉತ್ತರಿಸಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ತೇಗಿನವು. ಹೆಸರು ಹಾಕಬೇಡಿ ಎಂಬ ಕೋರಿಕೆ ಬಹುತೇಕ ಎಲ್ಲದರಲ್ಲೂ ಇದೆ. ಸಕ್ಕರೆ ಕಾಯಿಲೆಗೆ, ಮಂಡಿನೋವಿಗೆ ಹೆಸರು, ಊರು, ಫೋಟೋ ಸಮೇತ ಬರೆಯುವ ನಮ್ಮ ಓದುಗರು ತೇಗಿನ ವಿಷಯಕ್ಕೆ ಬಂದಕೂಡಲೇ ಮರೆಗೆ ಸರಿಯುತ್ತಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ ಮೀಸಲು.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ವಯಸ್ಸು 43. ಎರಡು ವರ್ಷಗಳಿಂದ ವಿಪರೀತ ತೇಗು. ಶುರುವಾದರೆ ಒಂದರ ಬೆನ್ನಿಗೆ ಒಂದು, ನಿಮಿಷಕ್ಕೆ ಹತ್ತು ಹನ್ನೆರಡು. ಹುಳಿಯಿಲ್ಲ, ವಾಸನೆಯಿಲ್ಲ, ಬರೀ ಸದ್ದು. ಪಾಠ ಮಾಡುವಾಗ ಬರುವುದಿಲ್ಲ. ಸ್ಟಾಫ್ ರೂಮಿಗೆ ಬಂದು ಕುಳಿತರೆ ಆರಂಭ. ನಿದ್ದೆಯಲ್ಲಿ ಇಲ್ಲ. ಅಣ್ಣ ತೀರಿಕೊಂಡ ವರ್ಷ ದೀಪಾವಳಿಯ ಹೊತ್ತಿಗೆ ಹೊಟ್ಟೆಯುಬ್ಬರ ಕಾಣಿಸಿಕೊಂಡು, ಆಮೇಲೆ ಇದು ಅಂಟಿಕೊಂಡಿತು. ಎಂಡೋಸ್ಕೋಪಿ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವೂ ನಾರ್ಮಲ್. ಪ್ಯಾಂಟೊಪ್ರಜೋಲ್, ಗ್ಯಾಸಿನ ಮಾತ್ರೆ, ನೊರೆ ಬರುವ ಪುಡಿ, ಜೀರಿಗೆ ಕಷಾಯ, ಓಮದ ನೀರು ಎಲ್ಲ ಆಯಿತು. ಅಮ್ಮ ಬೆನ್ನು, ತೋಳು ಒತ್ತಿದರೆ ಸಾಲುಸಾಲಾಗಿ ತೇಗು ಬಂದು ಹಗುರವೆನಿಸುತ್ತದೆ. ಮೈಯೆಲ್ಲ ವಾಯು ತುಂಬಿದೆ ಎನ್ನುತ್ತಾರೆ. ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ. 'ತರಗತಿಯಲ್ಲಿ ಬಾರದ್ದು ಮನೆಯಲ್ಲೇ ಏಕೆ ಬರುತ್ತದೆ? ನಾಟಕ' ಎಂದು ಯಜಮಾನರು ಹೇಳುತ್ತಾರೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಒಬ್ಬ ವೈದ್ಯರು 'ಟೆನ್ಷನ್ ಅಷ್ಟೆ' ಎಂದು ಮಾತ್ರೆ ಬರೆದರು. ಅದು ಮಾನಸಿಕ ರೋಗಿಗಳಿಗೆ ಕೊಡುವುದು ಎಂದು ಔಷಧಿ ಅಂಗಡಿಯ ಹುಡುಗ ಹೇಳಿದ ಮೇಲೆ ನುಂಗಲಿಲ್ಲ. ಇದು ಗ್ಯಾಸ್ಟ್ರಿಕ್ಕೋ, ನನ್ನ ತಲೆಯೇ ಕೆಟ್ಟಿದೆಯೋ?

ಉತ್ತರ: ಎರಡೂ ಅಲ್ಲ. ನನಗೆ ಬೇಕಾದ ಸುಳಿವುಗಳನ್ನೆಲ್ಲ ನೀವೇ ಪತ್ರದಲ್ಲಿ ಬರೆದಿದ್ದೀರಿ. ನಿಮ್ಮ ಹೊಟ್ಟೆಯಲ್ಲಿ ನಿಜವಾಗಿಯೂ ಅಷ್ಟು ಗಾಳಿ ಇದ್ದಿದ್ದರೆ ಅದು ಶಾಲೆಯ ಗಂಟೆ ಬಾರಿಸುವವರೆಗೆ ಕಾಯುತ್ತಿರಲಿಲ್ಲ.

ತೇಗಿನಲ್ಲಿ ಎರಡು ಬಗೆ ಇದೆ. ಮೊದಲನೆಯದು ಎಲ್ಲರಿಗೂ ಬರುವಂಥದ್ದು. ಪ್ರತಿ ಗುಟುಕಿನ ಜೊತೆ ಒಂದಿಷ್ಟು ಗಾಳಿ ಜಠರಕ್ಕೆ ಇಳಿಯುತ್ತದೆ. ಜಠರ ಹಿಗ್ಗಿದಾಗ ಅನ್ನನಾಳದ ಕೆಳತುದಿಯ ಕವಾಟ ತಾನಾಗಿ ಸಡಿಲವಾಗುತ್ತದೆ, ಗಾಳಿ ಮೇಲೇರುತ್ತದೆ, ಗಂಟಲಿನ ಬಳಿಯ ಕವಾಟವೂ ತೆರೆಯುತ್ತದೆ. ಇದು ನರಗಳು ನಡೆಸುವ ಅನೈಚ್ಛಿಕ ಕ್ರಿಯೆ. ಆರೋಗ್ಯವಂತರಲ್ಲೂ ದಿನಕ್ಕೆ ಇಪ್ಪತ್ತೈದು ಮೂವತ್ತು ಸಲ ಆಗಬಹುದು. ಹೆಚ್ಚಿನವು ನಮ್ಮ ಗಮನಕ್ಕೇ ಬರುವುದಿಲ್ಲ.

ನಿಮ್ಮದು ಎರಡನೆಯ ಬಗೆ. ಇಲ್ಲಿ ಗಾಳಿ ಹೊಟ್ಟೆಯಿಂದ ಬರುವುದೇ ಇಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆ ಸರಕ್ಕನೆ ಕೆಳಗಿಳಿದು ಎದೆಯೊಳಗಿನ ಒತ್ತಡ ಕುಸಿಯುತ್ತದೆ, ಅದೇ ಕ್ಷಣಕ್ಕೆ ಗಂಟಲಿನ ಕವಾಟ ತೆರೆದು ಹೊರಗಿನ ಗಾಳಿ ಅನ್ನನಾಳಕ್ಕೆ ನುಗ್ಗುತ್ತದೆ. ಕೆಲವರು ಗಂಟಲಿನ ಸ್ನಾಯುಗಳಿಂದಲೇ ಅದನ್ನು ಒಳಗೆ ತಳ್ಳುತ್ತಾರೆ. ಒಂದು ಕ್ಷಣದೊಳಗೆ ಹೊಟ್ಟೆಯ ಸ್ನಾಯುಗಳು ಬಿಗಿದು ಅದೇ ಗಾಳಿಯನ್ನು ಸದ್ದಿನೊಂದಿಗೆ ಹೊರಗೆ ನೂಕುತ್ತವೆ. ಜಗಲಿ ಹತ್ತಿ, ಹೊಸಿಲು ದಾಟದೆ ಹಿಂದಿರುಗುವ ನೆಂಟನ ಹಾಗೆ ಆ ಗಾಳಿ ಜಠರದ ಮುಖವನ್ನೂ ನೋಡಿರುವುದಿಲ್ಲ. ವಾಸನೆ, ಹುಳಿ ಇಲ್ಲದಿರುವುದು ಅದಕ್ಕೇ.

ಇದನ್ನು ಕಣ್ಣಾರೆ ತೋರಿಸಿದವರು ನೆದರ್ಲೆಂಡ್ಸಿನ ವೈದ್ಯರು, 2004ರಲ್ಲಿ. ಮೂಗಿನ ಮೂಲಕ ತೆಳುವಾದ ನಳಿಕೆಯನ್ನು ಅನ್ನನಾಳಕ್ಕೆ ಇಳಿಸಿ, ಅದರ ಉದ್ದಕ್ಕೂ ವಿದ್ಯುತ್ ಪ್ರತಿರೋಧವನ್ನು ಅಳೆಯುವ ಇಂಪೀಡೆನ್ಸ್ ಎಂಬ ಪರೀಕ್ಷೆ ಇದೆ. ದ್ರವ ಹಾದುಹೋದರೆ ಪ್ರತಿರೋಧ ಇಳಿಯುತ್ತದೆ, ಗಾಳಿ ಹಾದುಹೋದರೆ ಏರುತ್ತದೆ. ಹಾಗಾಗಿ ಗಾಳಿ ಕೆಳಗಿನಿಂದ ಮೇಲಕ್ಕೆ ಬಂತೋ, ಮೇಲಿನಿಂದ ಇಳಿದು ಅಲ್ಲಿಂದಲೇ ವಾಪಸಾಯಿತೋ ಎಂಬುದು ಗೆರೆಗಳಲ್ಲಿ ಕಾಣುತ್ತದೆ. ವಿಪರೀತ ತೇಗಿನ ರೋಗಿಗಳಲ್ಲಿ ಕಂಡದ್ದು ಈ ಎರಡನೆಯದು. ಗಂಟಲಿನ ಕ್ಯಾನ್ಸರ್‌ಗಾಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಅನ್ನನಾಳದಿಂದ ಮಾತನಾಡಲು ತರಬೇತಿ ಕೊಡುವಾಗ ಕಲಿಸುವುದೂ ಹೆಚ್ಚುಕಡಿಮೆ ಇದೇ ತಂತ್ರವನ್ನು. ಅವರು ವಾರಗಟ್ಟಲೆ ಕಷ್ಟಪಟ್ಟು ಕಲಿಯುತ್ತಾರೆ. ನಿಮ್ಮ ಶರೀರ ಅದನ್ನು ನಿಮ್ಮನ್ನು ಕೇಳದೆ ಕಲಿತುಬಿಟ್ಟಿದೆ.

ಕಲಿತದ್ದು ಹೇಗೆ? ನೀವು ಹೇಳುವ ದೀಪಾವಳಿಯ ಹೊಟ್ಟೆಯುಬ್ಬರ ನಿಜವಾದದ್ದೇ ಇರಬೇಕು. ಉಬ್ಬಿದ ಹೊಟ್ಟೆಗೆ ಒಂದು ತೇಗು ಬಂದು ಹಗುರವಾಯಿತು. ಮುಂದಿನ ಸಲ ಕಸಿವಿಸಿಯಾದಾಗ ಶರೀರ ಅದೇ ಹಗುರವನ್ನು ಹುಡುಕಿತು. ಸಿಗದಿದ್ದಾಗ ಗಾಳಿಯನ್ನು ತಾನೇ ಎಳೆದುಕೊಂಡು ತೇಗನ್ನು ತಯಾರಿಸಿತು. ಆಮೇಲೆ ಹೊಟ್ಟೆಯ ಕಸಿವಿಸಿಯೇ ಬೇಕೆಂದೇನಿಲ್ಲ. ಎದೆಯ ಬಿಗಿತ, ಗಂಟಲಿನ ಗಂಟು, ಸ್ಟಾಫ್ ರೂಮಿನಲ್ಲಿ ಯಾರೋ 'ಅಣ್ಣನ ಮಕ್ಕಳು ಹೇಗಿದ್ದಾರೆ' ಎಂದು ಕೇಳಿದ್ದು, ಯಾವುದಾದರೂ ಸಾಕು. ಮನಸ್ಸಿನ ಪಾತ್ರ ಇಲ್ಲಿದೆ. ಹಾಗೆಂದು ಈ ತೊಂದರೆ ಇರುವವರೆಲ್ಲರಿಗೂ ಆತಂಕದ ಕಾಯಿಲೆ ಇದೆ ಎಂದಲ್ಲ. ಮನಸ್ಸು ನೆಮ್ಮದಿಯಾಗಿದ್ದೂ ಈ ಅಭ್ಯಾಸಕ್ಕೆ ಸಿಕ್ಕಿಬಿದ್ದವರನ್ನು ನಾನು ನೋಡಿದ್ದೇನೆ.

ಈಗ ನಿಮ್ಮ ಯಜಮಾನರಿಗೆ ಎರಡು ಮಾತು. ದಯವಿಟ್ಟು ಈ ಭಾಗವನ್ನು ಅವರ ಕೈಗೆ ಕೊಡಿ. ಅದೇ ಡಚ್ ವೈದ್ಯರು 2006ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂದು ರೋಗಿಗಳಿಗೆ ತಿಳಿಯದಿದ್ದಾಗ, ಬೇರೆ ಕೆಲಸದಲ್ಲಿ ಅವರ ಗಮನವನ್ನು ತೊಡಗಿಸಿದಾಗ ತೇಗು ಕಡಿಮೆಯಾಗುತ್ತಿತ್ತು. ನಿಮಗೆ ನಾಟಕವೆಂದು ಕಂಡದ್ದು ಈ ತೊಂದರೆಯ ಲಕ್ಷಣವೇ. ತರಗತಿಯಲ್ಲಿ ನಿಮ್ಮ ಹೆಂಡತಿಯ ಗಮನವೆಲ್ಲ ವರ್ಗಸಮೀಕರಣದ ಮೇಲಿರುತ್ತದೆ. ಜೊತೆಗೆ ಬಿಡದೆ ಮಾತನಾಡುವವರ ಉಸಿರು ಹೊರಮುಖವಾಗಿ ಹರಿಯುತ್ತಿರುತ್ತದೆ, ಗಾಳಿ ಎಳೆದುಕೊಳ್ಳಲು ಗಂಟಲಿಗೆ ಬಿಡುವಿರುವುದಿಲ್ಲ. ಮನೆಯಲ್ಲಿ ನೀವು ಎದುರಿಗೆ ಕುಳಿತು, ಹುಬ್ಬು ಗಂಟಿಕ್ಕಿ, ಮುಂದಿನ ತೇಗು ಯಾವಾಗ ಬರುತ್ತದೆಂದು ಕಾಯುತ್ತೀರಿ. ಬಂದೇ ಬರುತ್ತದೆ. ಲೆಕ್ಕ ಇಡಬೇಡಿ, 'ಇವತ್ತು ಹೇಗಿದೆ' ಎಂದು ಕೇಳಬೇಡಿ, 'ನಿಲ್ಲಿಸು' ಎಂದಂತೂ ಹೇಳಲೇಬೇಡಿ. ಆಕೆಯ ಅಣ್ಣನ ಬಗ್ಗೆ ಕೇಳಿ. ಪತ್ರದಲ್ಲಿ ಆ ವಿಷಯಕ್ಕೆ ಅರ್ಧ ಸಾಲು ಮಾತ್ರ ಸಿಕ್ಕಿದೆ. ಪರೀಕ್ಷೆಗಳ ಪಟ್ಟಿಗೆ ಸಿಕ್ಕ ಜಾಗವೂ ಅದಕ್ಕೆ ಸಿಕ್ಕಿಲ್ಲ.

ಅಮ್ಮ ಒತ್ತಿದಾಗ ಬರುವ ತೇಗಿನ ಬಗ್ಗೆ: ತೋಳಿನಿಂದ ಅನ್ನನಾಳಕ್ಕೆ ಯಾವ ದಾರಿಯೂ ಇಲ್ಲ. ಸ್ನಾಯುಗಳ ನಡುವೆ ಗಾಳಿ ಸೇರಿಕೊಂಡು ಒತ್ತಿದಲ್ಲಿಂದ ಹೊರಡುವುದೂ ಇಲ್ಲ. ಒತ್ತಿದಾಗಲೆಲ್ಲ ನಿಮ್ಮ ಉಸಿರಿನ ಲಯ ಬದಲಾಗುತ್ತದೆ, ತೇಗು ಬರಬೇಕೆಂಬ ನಿರೀಕ್ಷೆ ಇಬ್ಬರಲ್ಲೂ ಇರುತ್ತದೆ, ಒಂದೊಂದು ಒತ್ತಿಗೂ ಗಾಳಿ ಒಳಗೆ ಹೋಗಿ ಹೊರಗೆ ಬರುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ಹೀಗೆ ಬೆನ್ನು ಒತ್ತಿಸಿಕೊಂಡು ತೇಗುವುದನ್ನು ನೋಡುತ್ತಲೇ ಮಕ್ಕಳು ಬೆಳೆಯುತ್ತಾರೆ. ಒತ್ತಿಸಿಕೊಳ್ಳುವುದನ್ನು ಬಿಡಬೇಡಿ, ಅಮ್ಮನ ಕೈಗೆ ಅದರದೇ ಗುಣವಿದೆ. ಆದರೆ ಆ ಹೊತ್ತಿನಲ್ಲಿ ಬಾಯಿ ಅರ್ಧ ತೆರೆದು ನಿಧಾನವಾಗಿ ಉಸಿರಾಡಿ. ತೇಗಿಲ್ಲದೆಯೂ ಮೈ ಹಗುರಾಗುವುದು ನಿಮಗೇ ಗೊತ್ತಾಗುತ್ತದೆ.

ಔಷಧಿಗಳಲ್ಲಿ ಪ್ಯಾಂಟೊಪ್ರಜೋಲ್ ಆಮ್ಲವನ್ನು ಕಡಿಮೆ ಮಾಡುತ್ತದೆ. ನಿಮಗೆ ಎದೆಯುರಿ, ಹುಳಿತೇಗು ಇಲ್ಲ. ಗ್ಯಾಸಿನ ಮಾತ್ರೆಯಲ್ಲಿರುವ ಸಿಮೆಥಿಕೋನ್ ಜಠರದೊಳಗಿನ ಗುಳ್ಳೆಗಳನ್ನು ಒಡೆಯುತ್ತದೆ. ನಿಮ್ಮ ಗಾಳಿ ಅಲ್ಲಿಗೆ ಹೋಗುವುದೇ ಇಲ್ಲ. ನೊರೆ ಬರುವ ಪುಡಿಯಂತೂ ಸೋಡಾ ಮತ್ತು ಆಮ್ಲ ಸೇರಿ ಇಂಗಾಲದ ಡೈ ಆಕ್ಸೈಡನ್ನು ಹುಟ್ಟಿಸುವ ವಸ್ತು. ಕುಡಿದ ಮೇಲೆ ದೊಡ್ಡ ತೇಗು ಬಂದು 'ಗ್ಯಾಸ್ ಹೋಯಿತು' ಎನಿಸುತ್ತದೆ. ಹೋದದ್ದು ಪುಡಿ ತಂದ ಗ್ಯಾಸ್. ಜೀರಿಗೆ ಕಷಾಯಕ್ಕೆ ನನ್ನ ತಕರಾರಿಲ್ಲ, ಸಂಜೆ ಕುಡಿಯಲು ಚೆನ್ನಾಗಿರುತ್ತದೆ.

ಹಾಗಾದರೆ ಚಿಕಿತ್ಸೆ ಏನು? ಮೊದಲು ಒಂದು ದಿನ ಒಬ್ಬರೇ ಕನ್ನಡಿಯ ಮುಂದೆ ಕುಳಿತುಕೊಳ್ಳಿ. ತೇಗಿಗೆ ಸ್ವಲ್ಪ ಮೊದಲು ಏನಾಗುತ್ತದೆ ನೋಡಿ: ಕತ್ತು ಚಾಚುತ್ತದೆ, ಗದ್ದ ಒಳಗೆ ಸರಿಯುತ್ತದೆ ಅಥವಾ ಭುಜ ಏರುತ್ತದೆ, ಎದೆಯ ನಡುವೆ ಏನೋ ತುಂಬಿದಂತಾಗುತ್ತದೆ. ಗಾಳಿ ಒಳಗೆ ಹೋಗುವುದು ಆಗಲೇ. ನೀವು ತಡೆಯಬೇಕಾದದ್ದು ತೇಗನ್ನಲ್ಲ, ಈ ಎಳೆತವನ್ನು. ಇಷ್ಟು ದಿನ ನೀವು ಹಲ್ಲುಕಚ್ಚಿ ತೇಗನ್ನು ನುಂಗಲು ಹೋಗಿರುತ್ತೀರಿ. ನುಂಗಿದಾಗ ಇನ್ನಷ್ಟು ಗಾಳಿ ಒಳಗೆ ಹೋಗುತ್ತದೆ.

ಆ ಮುನ್ಸೂಚನೆ ಸಿಕ್ಕ ಕೂಡಲೇ ತುಟಿಗಳನ್ನು ಸ್ವಲ್ಪ ತೆರೆಯಿರಿ. ನಾಲಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಹಿಂದೆ ಇಡಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಮೇಲೆ. ಹೊಕ್ಕುಳಿನ ಮೇಲಿನ ಕೈ ಮಾತ್ರ ಏರಿಳಿಯುವಂತೆ ನಾಲ್ಕು ಎಣಿಸುವವರೆಗೆ ಉಸಿರು ತೆಗೆದುಕೊಂಡು, ಆರು ಎಣಿಸುವವರೆಗೆ ಬಿಡಿ. ವಪೆ ಹೀಗೆ ನಿಧಾನವಾಗಿ ಕೆಲಸ ಮಾಡುತ್ತಿರುವಾಗ ಆ ಸರಕ್ಕನೆಯ ಎಳೆತಕ್ಕೆ ಅದು ಸಿಗುವುದಿಲ್ಲ. ಒಂದೆರಡು ನಿಮಿಷದಲ್ಲಿ ಒತ್ತಡದ ಅಲೆ ಇಳಿಯುತ್ತದೆ. ತೇಗದಿದ್ದರೆ ಎದೆ ಒಡೆದುಹೋಗುತ್ತದೆ ಎಂದು ಮೊದಮೊದಲು ಅನಿಸುತ್ತದೆ. ಒಡೆಯುವುದಿಲ್ಲ. ತೇಗು ಬರದಿರುವಾಗಲೂ ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ನಿಮಿಷ ಇದನ್ನು ಅಭ್ಯಾಸ ಮಾಡಬೇಕು. ಆರಂಭದಲ್ಲಿ ಅಂಗಾತ ಮಲಗಿ, ಆಮೇಲೆ ಕುಳಿತು, ಕೊನೆಗೆ ಸ್ಟಾಫ್ ರೂಮಿನಲ್ಲಿ ನೋಟ್‌ಬುಕ್ ತಿದ್ದುತ್ತಾ. ಗಣಿತದವರಿಗೆ ಎಣಿಸುವುದನ್ನು ನಾನು ಹೇಳಿಕೊಡಬೇಕಿಲ್ಲ.

ಇದನ್ನು ಪುಸ್ತಕ ನೋಡಿ ಕಲಿಯುವುದಕ್ಕಿಂತ ಒಬ್ಬರ ಎದುರಿಗೆ ಕುಳಿತು ಕಲಿಯುವುದು ಮೇಲು. ಲಂಡನ್ನಿನ ವೈದ್ಯರು ಈ ಉಸಿರಾಟವನ್ನು, ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯ ಜೊತೆ ಸೇರಿಸಿ ಕೆಲವೇ ಭೇಟಿಗಳಲ್ಲಿ ಕಲಿಸಿ, ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದ್ದಾರೆ. ಎಲ್ಲರಲ್ಲೂ ತೇಗು ಪೂರ್ತಿ ನಿಲ್ಲಲಿಲ್ಲ, ಆದರೆ ಸಂಖ್ಯೆ ಇಳಿಯಿತು, ಜನರ ನಡುವೆ ಓಡಾಡುವುದು ಸುಲಭವಾಯಿತು. ವಾಕ್ ಚಿಕಿತ್ಸಕರಿಂದಲೂ ಪ್ರಯೋಜನ ಕಂಡಿದೆ. ಉಸಿರು, ಗಂಟಲು, ಧ್ವನಿಗಳ ಹೊಂದಾಣಿಕೆಯನ್ನು ತಿದ್ದುವುದೇ ಅವರ ಕಸುಬು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದರಿಂದ ಆ ವಿದ್ಯೆ ಕಲಿತವರು ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಸಿಗುತ್ತಾರೆ. ಮಾತು ಬಾರದ ಮಕ್ಕಳಿಗಷ್ಟೇ ಅವರು ಎಂದು ನಾವು ತಿಳಿದುಕೊಂಡಿದ್ದೇವೆ. ಹೋಗುವಾಗ ನಿಮ್ಮ ಎಂಡೋಸ್ಕೋಪಿ ವರದಿಯನ್ನೂ ತೊಂದರೆಯ ಈ ವಿವರಣೆಯನ್ನೂ ಒಯ್ಯಿರಿ. ಬ್ಯಾಕ್ಲೊಫೆನ್ ಎಂಬ ಮಾತ್ರೆಯಿಂದ ಸಣ್ಣ ಅಧ್ಯಯನಗಳಲ್ಲಿ ತೇಗು ಕಡಿಮೆಯಾದದ್ದಿದೆ. ಆದರೆ ಅದು ತೂಕಡಿಕೆ, ತಲೆಸುತ್ತು ತರುತ್ತದೆ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅಪಾಯಕಾರಿ. ಉಸಿರಾಟ ಸೋತ ಮೇಲಷ್ಟೇ ಅದರ ಮಾತು, ಅದೂ ವೈದ್ಯರ ನಿಗಾದಲ್ಲಿ.

ಉಳಿದದ್ದು ಮೂರು ಗಂಟೆಯ ಎಚ್ಚರ. ತೇಗಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದು. ನಸುಕಿನಲ್ಲಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಜನರಿಂದ ದೂರವಾಗುವುದು, ಅದರ ಹಿಂದೆ ಒಂದು ಸಾವು: ಇಷ್ಟಿದ್ದಾಗ ಖಿನ್ನತೆ ಇದೆಯೇ ಎಂದು ಯಾರಾದರೂ ನೋಡಲೇಬೇಕು. ತೇಗು ನಿಂತರೂ ನೋಡಬೇಕು. ಆ ಮಾತ್ರೆ ಯಾವುದೆಂದು ನೀವು ಬರೆದಿಲ್ಲ. ಅದನ್ನು ಬರೆದ ವೈದ್ಯರು ಕಾರಣ ವಿವರಿಸಿದ್ದರೆ ಅಂಗಡಿಯ ಹುಡುಗನಿಗೆ ನಿಮ್ಮ ಚಿಕಿತ್ಸೆ ನಿರ್ಧರಿಸುವ ಅವಕಾಶ ಸಿಗುತ್ತಿರಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಈ ಸೇವೆಯನ್ನು ಜಿಲ್ಲೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಕೇಂದ್ರ ಸರ್ಕಾರ ಕಾರ್ಯಕ್ರಮ ಆರಂಭಿಸಿತು. ಅಲ್ಲಿಗೆ ಹೋಗುವ ಧೈರ್ಯ ಈಗಲೇ ಬಾರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನಿವೃತ್ತ ಬಸ್ ನಿರ್ವಾಹಕ, 61, ಬೆಳಗಾವಿ ಜಿಲ್ಲೆ. ಮೂರು ತಿಂಗಳಿಂದ ತೇಗು. ರೊಟ್ಟಿ ನುಂಗಿದರೆ ಎದೆಯಲ್ಲಿ ನಿಂತಂತಾಗುತ್ತದೆ, ನೀರು ಕುಡಿದರೆ ಇಳಿಯುತ್ತದೆ. ಪ್ಯಾಂಟು ಸಡಿಲವಾಗಿದೆ. ಉಸಿರಾಟದ ವ್ಯಾಯಾಮ ಮಾಡಲೇ?

ಉತ್ತರ: ಬೇಡ. ಈ ವಾರವೇ ಎಂಡೋಸ್ಕೋಪಿ ಮಾಡಿಸಿ. ಮೇಲಿನ ಉತ್ತರ ನಿಮಗೆ ಅನ್ವಯಿಸುವುದಿಲ್ಲ. ಊಟ ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ, ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆ: ಇವುಗಳಲ್ಲಿ ಒಂದಿದ್ದರೂ ಮೊದಲು ಅನ್ನನಾಳವನ್ನೂ ಜಠರವನ್ನೂ ಕಣ್ಣಿಟ್ಟು ನೋಡಬೇಕು. ನಿಮ್ಮ ನೆಪದಲ್ಲಿ ಉಳಿದವರಿಗೂ ಹೇಳಿಬಿಡುತ್ತೇನೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿದು ತೇಗು ಬಂದು, ನಿಂತರೆ ಸರಿಯಾಗುತ್ತಿದ್ದರೆ ಅದನ್ನು ಹೃದಯದ ತೊಂದರೆ ಎಂದೇ ಎಣಿಸಿ ಇಸಿಜಿ ಮಾಡಿಸಿ. ಎದೆಯ ಬಿಗಿತದೊಂದಿಗೆ ತಣ್ಣನೆಯ ಬೆವರು, ದವಡೆ ಅಥವಾ ತೋಳಿನ ನೋವು ಬಂದರೆ ಓಮದ ನೀರು ಕುದಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಸಂಕಟವಾಗಿ ಬರುವುದೂ ಉಂಟು.

ಪ್ರಶ್ನೆ: ಧಾರವಾಡದಲ್ಲಿ ಯೋಗ ಹೇಳಿಕೊಡುತ್ತೇನೆ. ತೇಗು ದೇಹದೊಳಗಿನ ವಾಯುಗಳಲ್ಲಿ ಒಂದಾದ ನಾಗ ವಾಯುವಿನ ಕೆಲಸ, ಅದನ್ನು ತಡೆಯಬಾರದು ಎಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ನೀವು ವೈದ್ಯರು ತಡೆಯಿರಿ ಎನ್ನುತ್ತೀರಿ. ಯಾರನ್ನು ನಂಬಬೇಕು?

ಉತ್ತರ: ಜಗಳಕ್ಕೆ ಕಾರಣವೇ ಇಲ್ಲ. ತಡೆಯಬಾರದ ಹದಿಮೂರು ವೇಗಗಳನ್ನು, ಅಂದರೆ ಶರೀರದ ಸಹಜ ಒತ್ತಡಗಳನ್ನು, ಆಯುರ್ವೇದದ ಚರಕ ಸಂಹಿತೆ ಹೇಳುತ್ತದೆ. ಮಲ, ಮೂತ್ರ, ಸೀನು, ಆಕಳಿಕೆ, ಕಣ್ಣೀರುಗಳ ಜೊತೆ ಉದ್ಗಾರವೂ, ಅಂದರೆ ತೇಗೂ, ಅದರಲ್ಲಿದೆ. ಊಟವಾದ ಮೇಲೆ ಜಠರದಿಂದ ಏರಿಬರುವ ತೇಗನ್ನು ನಾನೂ ತಡೆಯಲು ಹೇಳುವುದಿಲ್ಲ. ಶಿಕ್ಷಕಿಯ ತೇಗು ಅಲ್ಲಿಂದ ಬಂದದ್ದಲ್ಲ, ಮೇಲಿನಿಂದ ಎಳೆದುಕೊಂಡದ್ದು. ಅವರು ನಿಲ್ಲಿಸಬೇಕಾದದ್ದು ಆ ಎಳೆತವನ್ನು. ಅಂದಹಾಗೆ, ಆ ಹದಿಮೂರರ ಪಟ್ಟಿಯಲ್ಲಿ ಕಣ್ಣೀರು ಇರುವುದು ಎಷ್ಟು ಜನರಿಗೆ ನೆನಪಿರುತ್ತದೆ? ನಿಮ್ಮ ವಿದ್ಯಾರ್ಥಿಗಳಿಗೆ ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವುದನ್ನು ಹೇಗೂ ಕಲಿಸುತ್ತೀರಿ; ಇಂಥವರು ಬಂದರೆ ಬಾಯಿ ತುಸು ತೆರೆದಿರಲಿ ಎಂದು ಸೇರಿಸಿ. ಹೊಟ್ಟೆ ಒಳಗೆಳೆಯುವ ರಭಸದ ಕ್ರಿಯೆಗಳನ್ನು ಅವರಿಗೆ ಸದ್ಯಕ್ಕೆ ಬೇಡ ಎನ್ನಿ.

ಪ್ರಶ್ನೆ: ನಮ್ಮ ತಂದೆಗೆ 74. ಊಟವಾದ ಮೇಲೆ ಇಡೀ ಮನೆಗೆ ಕೇಳುವಂತೆ ಎರಡು ತೇಗು ತೇಗುತ್ತಾರೆ. ಮುಂದಿನ ತಿಂಗಳು ಅವರನ್ನು ಅಮೆರಿಕದಲ್ಲಿರುವ ಮಗನ ಮನೆಗೆ ಕಳುಹಿಸುತ್ತಿದ್ದೇವೆ. ಚಿಕಿತ್ಸೆ ಇದೆಯೇ?

ಉತ್ತರ: ಯಾರಿಗೆ? ಎದೆಯುರಿ, ನೋವು, ತೂಕ ಇಳಿಕೆ ಯಾವುದೂ ಇಲ್ಲದೆ ಊಟಕ್ಕೆ ಎರಡು ತೇಗು ಬರುವುದು ಕಾಯಿಲೆಯಲ್ಲ. ಸದ್ದು ಕಡಿಮೆಯಾಗಬೇಕೆಂದರೆ ನಿಧಾನವಾಗಿ ಅಗಿದು ತಿನ್ನಲಿ, ತುತ್ತಿನ ನಡುವೆ ರಾಜಕೀಯ ಮಾತನಾಡದಿರಲಿ, ಸೋಡಾ ಸೇರಿದ ತಂಪುಪಾನೀಯ ಬೇಡ. ಹಲ್ಲಿನ ಸೆಟ್ ಸಡಿಲವಿದ್ದರೆ ಹೊರಡುವ ಮೊದಲೇ ಸರಿಮಾಡಿಸಿ, ಅದರಿಂದಲೂ ಗಾಳಿ ಹೆಚ್ಚು ಹೋಗುತ್ತದೆ. ಮಗನಿಗೆ ಈ ತೇಗು ಹೊಸದೇನಲ್ಲ, ಕೇಳಿಯೇ ಬೆಳೆದವನು.

ಪ್ರಶ್ನೆ: ನನ್ನದು ಉಲ್ಟಾ. ವಯಸ್ಸು 24, ಬೆಂಗಳೂರಿನಲ್ಲಿ ಕೆಲಸ. ಹುಟ್ಟಿದಾಗಿನಿಂದ ತೇಗಿದ ನೆನಪೇ ಇಲ್ಲ. ಸಂಜೆಯಾದರೆ ಹೊಟ್ಟೆ ತಮಟೆ, ಗಂಟಲಲ್ಲಿ ಕಪ್ಪೆ ಕೂಗಿದಂತೆ ಗೊರಗೊರ ಸದ್ದು, ಅಪಾನವಾಯು ವಿಪರೀತ. ಎಲ್ಲರೂ ನಗುತ್ತಾರೆ.

ಉತ್ತರ: ನಗುವ ವಿಷಯವಲ್ಲ, ಇದು ನಿಜವಾದ ತೊಂದರೆ. ಗಂಟಲಿನ ಕವಾಟದ ಸ್ನಾಯು ನುಂಗುವಾಗ ಸರಿಯಾಗಿ ಸಡಿಲವಾಗುತ್ತದೆ, ಕೆಳಗಿನಿಂದ ಗಾಳಿ ಬಂದಾಗ ಮಾತ್ರ ಬಿಡುವುದಿಲ್ಲ. ಸಿಕ್ಕಿಬಿದ್ದ ಗಾಳಿ ಗಂಟಲಲ್ಲಿ ಗೊರಗುಟ್ಟಿ, ಕೊನೆಗೆ ಕರುಳಿನ ದಾರಿ ಹಿಡಿಯುತ್ತದೆ. ಈ ಲಕ್ಷಣಗಳನ್ನು ಒಟ್ಟುಗೂಡಿಸಿ, ಆ ಸ್ನಾಯುವಿಗೆ ಅದನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಕೊಟ್ಟು ಹಲವರು ಮೊದಲ ಬಾರಿಗೆ ತೇಗಿದ್ದನ್ನು ಅಮೆರಿಕದ ಗಂಟಲು ತಜ್ಞರು ಪ್ರಕಟಿಸಿದ್ದು 2019ರಲ್ಲಷ್ಟೇ. ಹಾಗಾಗಿ ನೀವು ಹೋಗುವ ಮೊದಲ ವೈದ್ಯರು ಇದನ್ನು ಕೇಳಿಲ್ಲದಿರಬಹುದು, ಬೇಸರ ಮಾಡಿಕೊಳ್ಳಬೇಡಿ. ದೊಡ್ಡ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಧ್ವನಿ ಮತ್ತು ನುಂಗುವಿಕೆಯ ಸಮಸ್ಯೆಗಳನ್ನು ನೋಡುವವರನ್ನೇ ಕೇಳಿ ಹೋಗಿ. 'ಗ್ಯಾಸ್' ಎಂದು ಮಾತು ಆರಂಭಿಸಬೇಡಿ, ಮಾತ್ರೆಯ ಚೀಟಿ ಹಿಡಿದು ವಾಪಸು ಬರುತ್ತೀರಿ. 'ನನಗೆ ತೇಗಲು ಆಗುವುದೇ ಇಲ್ಲ' ಎಂದು ಮೊದಲ ವಾಕ್ಯದಲ್ಲೇ ಹೇಳಿ, ಗಂಟಲಿನ ಆ ಗೊರಗೊರವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸಿ.